ಬೋನಸಪ್ಪ ಕೂತ ಜಾಗ

ಒಂದು ನಾಯಿಯ ಮೈ ತೊಯ್ದಿತ್ತೇ ಇಲ್ಲವೇ ಎಂಬ ಪ್ರಶ್ನೆಯನ್ನು ಸಣ್ಣದೆಂದು ತಿಳಿಯುವವರು ಬರಗಾಲವನ್ನು ನೋಡಿದವರಲ್ಲ. ನಮ್ಮ ಕೆಂಗಲ್ಲಾಪುರದ ಇತಿಹಾಸದಲ್ಲಿ ಇಷ್ಟು ಜನರನ್ನು ಒಟ್ಟಿಗೆ ಎಬ್ಬಿಸಿ ಓಡಾಡಿಸಿದ ಪ್ರಶ್ನೆ ಇನ್ನೊಂದಿಲ್ಲ. ಪಂಚಾಯ್ತಿ ಚುನಾವಣೆಯ ದಿನವೂ ಅರ್ಧ ಊರು ಮನೆಯಲ್ಲೇ ಇರುತ್ತದೆ. ನಾಯಿಗಾಗಿ ಇಡೀ ಊರು ಹೊರಬಿತ್ತು. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ, ಯಾರ ಪಕ್ಷವನ್ನೂ ವಹಿಸದೆ, ಬರೆದಿಡುವುದು ಅಗತ್ಯ.

ನಾಯಿಯ ಹೆಸರು ಬೋನಸ್. ಬಾಗಲಕೋಟೆಯ ಬ್ಯಾಂಕಿನಲ್ಲಿದ್ದ ಕೇದಾರ ಎಂಬವನು ಬೋನಸ್ ಬಂದ ತಿಂಗಳು ಅದನ್ನು ತಂದ, ವರ್ಗವಾದ ತಿಂಗಳು ಅಕ್ಕನ ಮನೆಯಲ್ಲಿ ಬಿಟ್ಟು ಹೋದ. ಹೋಗುವಾಗ ಅದು ಅಪ್ಪಟ ಮುಧೋಳ ತಳಿ ಎಂದು ಹೇಳಿ ಹೋದ. ಊರಿನ ತಜ್ಞರ ಪ್ರಕಾರ ಅದರ ಮುಂದಿನ ಅರ್ಧ ಮುಧೋಳದ್ದು, ಹಿಂದಿನ ಅರ್ಧ ಇಳಕಲ್ ಬಸ್ ಸ್ಟ್ಯಾಂಡಿನದು.

ಕೇದಾರನ ಅಕ್ಕ ಶುಭದಾಬಾಯಿ. ಶುಭದಾಬಾಯಿಯವರ ಯಜಮಾನರೇ ನಮ್ಮ ಪಂಢರೀನಾಥ ಮಾಸ್ತರು, ಹೈಸ್ಕೂಲಿನಲ್ಲಿ ಇತಿಹಾಸ ಹೇಳುವವರು. ಪಾಣಿಪತ್ತಿನ ಯುದ್ಧವನ್ನು ಅವರು ಹೇಳಿದರೆ ಮುಂದಿನ ಸಾಲಿನ ಹುಡುಗರು ಕಣ್ಣಿಗೆ ಧೂಳು ಬಿತ್ತೆಂದು ಕಣ್ಣು ಒರೆಸಿಕೊಳ್ಳುತ್ತಿದ್ದರು. ನೋಡದೇ ಇದ್ದುದನ್ನು ನೋಡಿದಂತೆ ಹೇಳುವ ಈ ಶಕ್ತಿಯೇ ಮುಂದಿನ ಅನಾಹುತಕ್ಕೆ ಕಾರಣವಾಯಿತು.

ಶಿವರಾತ್ರಿಯ ಹೊತ್ತಿಗೆ ಮಾಸ್ತರರ ರಕ್ತದಲ್ಲಿ ಸಕ್ಕರೆ ಕಂಡಿತು. ಡಾಕ್ಟರು ದಿನಾಲು ನಡೆಯಿರಿ ಎಂದರು. ಎಲ್ಲರಂತೆ ಬಸ್ ಸ್ಟ್ಯಾಂಡಿನವರೆಗೆ ನಡೆದು ಬಂದಿದ್ದರೆ ಆಗುತ್ತಿತ್ತು. ಆದರೆ ಆ ಸಂಜೆ ಹುಲ್ಲಪ್ಪನವರ ಕಟ್ಟೆಯಲ್ಲಿ ಮಾತು ಬಂತು. ಹುಲ್ಲಪ್ಪನವರು ಪಂಚಾಯ್ತಿ ಮೆಂಬರು. ಊರ ಹೊರಗಿನ ಮೈಲಾರಪ್ಪನ ಗುಡ್ಡದ ಪೂಜೆಯೂ ಅವರ ಮನೆತನದ್ದೇ.

"ಮಾಸ್ತರ್ರ, ನಿಮ್ಮ ಕೈಲೆ ಆಗಂಗಿಲ್ಲ ಬಿಡ್ರಿ. ಸಾಲಿ ಪಾವಟಿಗಿ ಹತ್ತೂದ್ರಾಗ ಎರಡ ಸಲ ನಿಂದರ್ತೀರಿ," ಎಂದರು ಹುಲ್ಲಪ್ಪನವರು.

"ಸಾಲಿ ಪಾವಟಿಗಿ ಯಾಕ್ರಿ? ನಾಳಿಂದ ಮೈಲಾರಪ್ಪನ ಗುಡ್ಡನ ಹತ್ತತೇನಿ," ಎಂದರು ಮಾಸ್ತರು. "ತುದೀಮಟ. ದಿನಾ."

ಕಟ್ಟೆಯ ಮೇಲೆ ಒಮ್ಮೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ರೂಢಿ ನಮ್ಮ ಕಡೆ ಇಲ್ಲ. ಮರುದಿನ ಬೆಳಗಿನ ಆರಕ್ಕೆ ಮಾಸ್ತರು ಹೊಸ ಬೂಟು, ಟೊಪ್ಪಿಗೆ, ಬೆತ್ತ ಮತ್ತು ಬೋನಸ್ ಸಮೇತ ಹೊರಟರು. ಗುಡ್ಡಕ್ಕೆ ಮುನ್ನೂರಕ್ಕೂ ಮಿಕ್ಕಿ ಪಾವಟಿಗೆಗಳು, ಎಲ್ಲ ಕಲ್ಲಿನ ಮೆಟ್ಟಿಲು. ಏಳನೆಯದರಲ್ಲಿ ಮಾಸ್ತರರ ಉಸಿರು ನಿಂತಿತು. ಹನ್ನೊಂದನೆಯದರಲ್ಲಿ ಮನಸ್ಸು ನಿಂತಿತು. ಅಷ್ಟರಲ್ಲಿ ಕೆಳಗಿನಿಂದ ಮಿರ್ಚಿ ಭಜಿ ಕರಿಯುವ ವಾಸನೆ ಬಂತು.

ಗುಡ್ಡದ ಬುಡದಲ್ಲಿ ಬೇವಿನ ಮರದ ಕೆಳಗೆ ದೌಲತಬಿಯ ತಗಡಿನ ಅಂಗಡಿ. ಒಂದು ಮಣ್ಣಿನ ಒಲೆ, ಒಂದು ಬೆಂಚು. ಕಲ್ಲು ಒಡೆಯುವವರಿಗೆ, ಹೊಲಕ್ಕೆ ಹೋಗುವವರಿಗೆ ಮುಂಜಾನೆ ಚಹಾ, ಚುರುಮರಿ ಒಗ್ಗರಣಿ, ಮಿರ್ಚಿ. ರವಿವಾರ ಬುಡದಿಂದಲೇ ಗುಡ್ಡಕ್ಕೆ ಕೈ ಮುಗಿದು ಹೋಗುವವರಿಗೆ ಕಾಯಿ, ಊದಿನಕಡ್ಡಿ, ಭಂಡಾರ. ಮಾಸ್ತರು ಬೆಂಚಿನ ಮೇಲೆ ಕೂತರು. ನಾಯಿ ಬೆಂಚಿನ ಪಕ್ಕದಲ್ಲಿ ಕೂತಿತು. ಮಾಸ್ತರು ಎರಡು ಮಿರ್ಚಿ ತಿಂದರು. ಮೂರನೆಯದರ ಮೆಣಸಿನಕಾಯಿ ತೆಗೆದು ಹಿಟ್ಟಿನ ಕೋಟನ್ನು ನಾಯಿಗೆ ಕೊಟ್ಟರು. ಒಂದು ತಾಸಿನ ನಂತರ ಇಬ್ಬರೂ ದಣಿದವರಂತೆ ಮನೆಗೆ ಬಂದರು. ನಲವತ್ತು ದಿನ ಹೀಗೇ ನಡೆಯಿತು.

ಮನೆಯಲ್ಲಿ ದಿನಾಲು ವರದಿ. "ಇವತ್ತ ತುದಿಯಿಂದ ಬಾದಾಮಿ ಕಡೆ ಗುಡ್ಡ ಎಲ್ಲಾ ಕಂಡ್ವು ನೋಡು." ಮರುದಿನ ನವಿಲು. ಅದರ ಮರುದಿನ, ಮಲಪ್ರಭಾ ಹೊಳೆ ಬೆಳ್ಳಿಯ ಎಳೆಯಂತೆ. ಶುಭದಾಬಾಯಿ ರೊಟ್ಟಿ ಬಡಿಯುತ್ತ ಕೇಳುತ್ತಿದ್ದರು.

"ಎಲ್ಲಾ ಖರೆ. ತೂಕ ಯಾಕ ಇಳೀವಲ್ದು?"

"ಸ್ನಾಯು ಬೆಳೀಲಿಕತ್ತಾವ," ಎಂದರು ಮಾಸ್ತರು.

ಮಾಸ್ತರರ ತಾಯಿ ರುಕ್ಮಿಣೀಬಾಯಿಯವರು ಮಡಿಯ ಹೆಂಗಸು. ನಾಯಿಯ ನೆರಳು ಬಿದ್ದ ನೀರನ್ನು ಬರಗಾಲದಲ್ಲೂ ಚೆಲ್ಲಿದವರು. ಆದರೆ ಮೈಲಾರಪ್ಪ ಮನೆದೇವರು. ಪ್ರತಿ ರವಿವಾರ ತುದಿಯಲ್ಲಿ ಒಡೆಯಲೆಂದು ಮಗನ ಕೈಗೆ ಒಂದು ತೆಂಗಿನಕಾಯಿ ಕೊಡುತ್ತಿದ್ದರು. ಮಾಸ್ತರು ದೇವರು ಎಲ್ಲ ಕಡೆ ಇದ್ದಾನೆಂಬ ತತ್ವದ ಮೇಲೆ ಅದನ್ನು ಬೆಂಚಿನ ಪಕ್ಕದ ಕಲ್ಲಿಗೆ ಒಡೆಯುತ್ತಿದ್ದರು. ದೌಲತಬಿ ಚಟ್ನಿ ಅರೆಯುತ್ತಿದ್ದಳು.

ಗುಡ್ಡದ ಪೂಜಾರಿ ಮನೆತನದವರೇ ಆದ ಹುಲ್ಲಪ್ಪನವರಿಗೆ ಇದು ಹೇಗೆ ಗೊತ್ತಾಗಲಿಲ್ಲ ಎಂದು ಕೇಳಬಹುದು. ಮೊಣಕಾಲಿನ ಕಾರಣ ಹುಲ್ಲಪ್ಪನವರೂ ಎರಡು ವರ್ಷದಿಂದ ಗುಡ್ಡದ ಆಚೆ ಬದಿಯ ಹೊಲದಲ್ಲಿ ನಿಂತು ಕೆಳಗಿನಿಂದಲೇ ಊದಿನಕಡ್ಡಿ ಬೆಳಗುತ್ತಿದ್ದರು. ಇದು ಅವರಿಗೂ ದೇವರಿಗೂ ಮಾತ್ರ ಗೊತ್ತಿದ್ದ ಸಂಗತಿ.

ಏಪ್ರಿಲ್ ಎರಡನೆಯ ಗುರುವಾರ ಬೋನಸ್ ಬೇಸರದಿಂದಲೋ ಹಸಿವಿನಿಂದಲೋ ಮಿರ್ಚಿಗೆ ಕಲಸಿದ ಹಿಟ್ಟಿನ ಬೋಗುಣಿಗೆ ಬಾಯಿ ಹಾಕಿತು. ದೌಲತಬಿ ಕೈಗೆ ಸಿಕ್ಕ ತುಂಬಿದ ಬಕೆಟ್ಟನ್ನು ಎತ್ತಿ ಪೂರ್ತಿ ಅದರ ಮೇಲೆ ಸುರಿದಳು. ಮಾಸ್ತರು ನಕ್ಕು, ಬಾಯಿ ಒರೆಸಿಕೊಂಡು, ಮನೆಯ ಹಾದಿ ಹಿಡಿದರು.

ಓಣಿಯಲ್ಲಿ ನಲ್ಲಿಯ ಮುಂದೆ ಕೊಡಗಳ ಪಾಳಿ. ಹನ್ನೆರಡು ದಿನಕ್ಕೊಮ್ಮೆ ನೀರು. ಅಂದು ಬರುವ ದಿನ, ಆದರೆ ಬಂದಿರಲಿಲ್ಲ. ಕೊಡಗಳ ಹಿಂದೆ ಹೆಂಗಸರು ಕೂತಲ್ಲಿ ಕೂಡದೆ, ನಿಂತಲ್ಲಿ ನಿಲ್ಲದೆ, ನಲ್ಲಿಯ ಬಾಯಿಗೆ ಕಿವಿ ಕೊಟ್ಟು ಬರುತ್ತಿದ್ದರು. ಅಲ್ಲಿಗೆ ಬೋನಸ್ ಬಂತು. ಪಾಳಿಯ ನಟ್ಟನಡುವೆ ನಿಂತಿತು. ಮೈ ಝಾಡಿಸಿತು.

ಮೊದಲ ಹನಿ ಇಂದ್ರಾಬಾಯಿಯ ಕೆನ್ನೆಗೆ ಬಿತ್ತು. ಅವಳು ಅದನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ನಾಯಿಯನ್ನು ನೋಡಿದಳು. ಆಮೇಲೆ ಕೂಗಿದಳು.

"ಮಾಸ್ತರ್ರ! ನಿಮ್ಮ ನಾಯಿ ತೊಯ್ದೈತ್ರೀ!"

"ಹೌದೇನು?" ಎಂದರು ಮಾಸ್ತರು, ಆ ನಾಯಿಯನ್ನು ಅಂದೇ ಮೊದಲ ಸಲ ನೋಡುವವರಂತೆ.

"ಎಲ್ಲಿ ತೊಯ್ತರಿ?"

ಇದಕ್ಕೆ ಒಂದು ನಿಜವಾದ ಉತ್ತರವಿತ್ತು. ಆದರೆ ಶುಭದಾಬಾಯಿ ಹೊಸ್ತಿಲಲ್ಲೇ ನಿಂತಿದ್ದರು.

"ಮ್ಯಾಲೆ," ಎಂದರು ಮಾಸ್ತರು.

"ಮ್ಯಾಲ ಎಲ್ಲಿ?"

"ಮ್ಯಾಲ ಅಂದ್ರ... ತುದೀಗೆ. ಎರಡು ದೊಡ್ಡ ಬಂಡಿಗಲ್ಲು ಅವ. ನಡುವ ಒಂದು ಸಂದಿ ಅದ."

"ಸಂದ್ಯಾಗ ನೀರದಾವೇನ್ರಿ?"

"ಸ್ವಲ್ಪ."

"ಸ್ವಲ್ಪ? ನಾಯಿ ಮೂಗಿನಿಂದ ಬಾಲದಮಟ ತೊಯ್ದೈತಿ!"

ಇಲ್ಲಿ ಇತಿಹಾಸದ ಮಾಸ್ತರಿಕೆ ಅವರ ಕೈಮೀರಿತು. "ಅಂದ್ರ, ಈಸಬಹುದು. ಭಾಳ ತಣ್ಣಗ. ತಿಳಿ ಅಂದ್ರ ತಿಳಿ ನೀರು, ತಳದಾಗಿನ ಉಸುಕು ಎಣಿಸಬಹುದು ನೋಡ್ರಿ."

ಎಂಟು ಗಂಟೆಗೆ ಅದು ಸೆಲೆಯಾಗಿತ್ತು. ಒಂಬತ್ತಕ್ಕೆ ಹೊಂಡವಾಯಿತು. ಹತ್ತಕ್ಕೆ ಯಾರೋ ಮೊಬೈಲಿನಲ್ಲಿ ಅದರ ಫೋಟೋ ಕಳಿಸಿದರು. ಫೋಟೋದಲ್ಲಿ ತೆಂಗಿನ ಮರಗಳೂ ಒಂದು ದೋಣಿಯೂ ಇದ್ದವು. ಗುಡೂರಿನವರು ಫೋನು ಮಾಡಿ ಹೌದೇನ್ರೀ ಎಂದರು. ಮರೋಳದ ಬೀಗರೊಬ್ಬರು ತಮ್ಮ ಎರಡು ಎಮ್ಮೆಗಳನ್ನು ಒಂದು ತಿಂಗಳ ಮಟ್ಟಿಗೆ ಕಳಿಸಲೇ ಎಂದು ಕೇಳಿದರು.

ಮಾಸ್ತರು ಒಳಕೋಣೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಒಳಕೋಣೆಗೆ ತಿರುಗುತ್ತಿದ್ದರು. ಪಡಸಾಲೆಯಲ್ಲಿ ಅವರು ಕಂಡದ್ದೇನೆಂದರೆ, ರುಕ್ಮಿಣೀಬಾಯಿಯವರು ಬೋನಸ್ಸಿನ ಹಣೆಗೆ ಅರಿಷಿಣದ ಭಂಡಾರ ಹಚ್ಚುತ್ತಿದ್ದರು.

"ಅವ್ವಾ, ನಾಯಿ ಅದು!"

"ಮೈಲಾರಪ್ಪನ ಪರಿವಾರ ಅದು. ಇಷ್ಟ ದಿನಾ ಬಿಸಲಾಗ ಕಟ್ಟೀಯಲ್ಲೋ ಪಂಢರಿ, ಏನ್ ಪಾಪ ಮಾಡೀನೋ ನಿನ್ನ ಹಡದು! ಶುಭದಾ, ಬೋನಸಪ್ಪಗ ಒಂದು ಮಣಿ ಹಾಕು."

ಮಣೆಯ ಮೇಲೆ ಕೂತ ಬೋನಸಪ್ಪ ಅಂಗಳದಲ್ಲಿ ಸೇರಿದ ಜನರನ್ನು ನೋಡಿ ಒಮ್ಮೆ ಆಕಳಿಸಿತು. ಅಂಗಳ ಕೈ ಮುಗಿಯಿತು.

ಸಂಜೆ ಹುಲ್ಲಪ್ಪನವರು ಬಂದರು. ಅವರ ಹಿಂದೆ ಪಂಚಾಯ್ತಿಯ ಅಭಿವೃದ್ಧಿ ಅಧಿಕಾರಿ ಗೀತಾಂಜಲಿ ಮೇಡಂ, ಅವರ ಹಿಂದೆ ನೀರು ಬಿಡುವ ಅಮಾತೆಪ್ಪ. ಹುಲ್ಲಪ್ಪನವರು ಕಟ್ಟಳೆ ಹೇಳಿದರು.

"ಬರ ಬಿದ್ದ ವರ್ಷ ಮೈಲಾರಪ್ಪ ತನ್ನ ನಾಯೀನ್ನ ಕಳಸ್ತಾನ. ರವಿವಾರ ಊರಿಗೆ ಊರ ಬರಿಗಾಲಿಲೆ ಅದರ ಹಿಂದ ನಡೀಬೇಕು. ಅದಕ್ಕಿಂತ ಮೊದಲ ಯಾರೂ ತುದೀಗೆ ಹೋಗಿ ನೋಡಾಂಗಿಲ್ಲ. ಹಗ್ಗ ಹಾಕಾಂಗಿಲ್ಲ, ಹೆಸರು ಹಿಡದು ಕರಿಯಾಂಗಿಲ್ಲ. ಅದು ಎಲ್ಲಿ ಕುಂಡರ್ತೈತಿ, ಅಲ್ಲೇ ಹಾರಿ ಹಾಕಿ ಅಗಿಯೂದು. ನಮ್ಮ ಮುತ್ತ್ಯಾನ ಕಾಲಕ್ಕ ಹಿಂಗ ಒಂದ ಬಾವಿ ತೋಡ್ಯಾರ."

"ಅದ್ರಾಗ ನೀರು ಬಂದಿದ್ವೇನ್ರಿ?" ಎಂದು ಕೇಳಿದರು ಗೀತಾಂಜಲಿ ಮೇಡಂ.

"ಬಾವಿ ಭಾಳ ಚೊಲೊ ಐತ್ರಿ," ಎಂದರು ಹುಲ್ಲಪ್ಪನವರು.

"ನಾಯಿ ಯಾಕ ಬೇಕು?" ಎಂದರು ಮಾಸ್ತರು. "ಜಾಗ ನಾ ಕಾಗದದ ಮ್ಯಾಲ ಬರದು ಕೊಡ್ತೇನಿ. ನೀವ ಹೋಗಿ ಬರ್ರಿ. ನನಗ ಯಾಕೋ ಜ್ವರ ಬಂದ್ಹಂಗ ಆಗೇದ."

"ಅದು ಆಗಂಗಿಲ್ರಿ. ನಾಯಿ ಒಡ್ಯಾನ ಭಂಡಾರದ ಬಟ್ಟಲಾ ಹಿಡಕೊಂಡು ಎಲ್ಲಾರ್ಕಿಂತ ಮುಂದ ಇರಬೇಕು. ಉಪವಾಸ."

ಗೀತಾಂಜಲಿ ಮೇಡಂ ಮೊಬೈಲಿನಲ್ಲಿ ನಮೂನೆ ತೆರೆದಿದ್ದರು. "ಹೊಸ ಜಲಮೂಲ ಅಂದ್ರ ಜಾಗದ ಫೋಟೋ ಬೇಕ್ರಿ ಸರ್, ಶೋಧ ಮಾಡಿದವ್ರ ಸಮೇತ. ಶೋಧ ಮಾಡಿದವ್ರ ಹೆಸರು?"

"ಬೋನಸಪ್ಪ," ಎಂದರು ರುಕ್ಮಿಣೀಬಾಯಿ.

"ಆಧಾರ್ ನಂಬರ್?"

ಅಂಗಳದಲ್ಲಿ ಸ್ವಲ್ಪ ಚರ್ಚೆಯಾಗಿ, ಸದ್ಯಕ್ಕೆ ಮಾಸ್ತರರ ನಂಬರನ್ನೇ ಬರೆಯಬೇಕೆಂದು ತೀರ್ಮಾನವಾಯಿತು. ಮೂಲೆಯಲ್ಲಿ ನಿಂತ ಅಮಾತೆಪ್ಪ ಮಾತ್ರ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದ.

ಶನಿವಾರ ಮುಂಜಾನೆ ಮಾಸ್ತರು ಬೆಂಚಿನ ಮೇಲೆ ಕೂತರು, ಎದ್ದರು, ಮತ್ತೆ ಕೂತರು. ಮಿರ್ಚಿ ಮುಂದಿದ್ದರೂ ಮುಟ್ಟಲಿಲ್ಲ. ದೌಲತಬಿಗೆ ಇದು ನೋಡಲಾಗಲಿಲ್ಲ.

"ತಿನ್ರಿ ಸಾಹೇಬ್ರ. ನಾ ಏನ್ ಡಂಗುರಾ ಹೊಡೀತೇನೇನ?"

"ದೌಲತಬಿ, ದಿನದಾಗ ಇದೊಂದ ತಾಸು ನಂದು ಅಂಬೋದು. ಮನ್ಯಾಗ ತೂಗಿ ಉಣಸ್ತಾರ. ಸಾಲ್ಯಾಗ ಗಂಟಿ ಹೊಡದು ಎಬಸ್ತಾರ. ಇದೂ ಹೋದ್ರ ನನಗ ಏನೂ ಉಳಿಯೂದಿಲ್ಲ."

"ನನ್ನ ಬಾಯಿಂದ ಒಂದ ಮಾತ ಹೊರಗ ಬರಂಗಿಲ್ಲ, ಅಲ್ಲಾನ ಆಣಿ," ಎಂದಳು ದೌಲತಬಿ. ಮಿರ್ಚಿ ತೆಗೆಯುವ ಝಾರಿಯಿಂದ ನಾಯಿಯನ್ನು ತೋರಿಸಿದಳು. "ಆದ್ರ ಇದರ ಬಾಯಿಗೆ ನೀವ ಜವಾಬ್ದಾರ. ನಾಳೆ ಇದು ಎಲ್ಲಿಗೆ ಬರ್ತೈತಿ ಹೇಳ್ರಿ?"

ಮಾಸ್ತರರಿಗೆ ಆ ವಿಚಾರ ಬಂದಿರಲಿಲ್ಲ. ಬಂದ ಮೇಲೆ ಅವರು ಓಡಿದರು. ಅವರ ಯೋಜನೆ ಸರಳವಾಗಿತ್ತು: ರವಿವಾರ ನಸುಕಿನಲ್ಲಿ ನಾಯಿಗೆ ಗಂಟಲವರೆಗೆ ಅನ್ನ ತಿನ್ನಿಸಿಬಿಟ್ಟರೆ ಅದು ಮಿರ್ಚಿಯ ಕಡೆ ತಿರುಗಿ ನೋಡದು. ಹೊಟ್ಟೆ ತುಂಬಿದ ನಾಯಿ ಎಲ್ಲಿಗಾದರೂ ಹೋಗಲಿ, ಗುಡ್ಡದ ಅರ್ಧಕ್ಕಾದರೂ ಹೋಗಲಿ. ಈ ಯೋಜನೆ ರವಿವಾರ ಐದು ಗಂಟೆಗೆ, ಅನ್ನದ ತಾಟು ಕೈಯಲ್ಲಿರುವಾಗ, ರುಕ್ಮಿಣೀಬಾಯಿಯವರ ಕಣ್ಣಿಗೆ ಬಿತ್ತು.

"ಉಪವಾಸ ಅದಕ್ಕಿಲ್ಲೇನೋ? ನಿನ್ನೆ ರಾತ್ರಿಯಿಂದ ನಾನ ಏನೂ ಹಾಕಿಲ್ಲ ಅದಕ್ಕ," ಎಂದರು ಅವರು. ತಾಟು ಒಳಗೆ ಹೋಯಿತು.

ಹೀಗೆ ಇಬ್ಬರು ಉಪವಾಸಿಗಳ ಹಿಂದೆ ಊರು ಹೊರಟಿತು. ಮುಂದೆ ಡೊಳ್ಳು, ಹಿಂದೆ ಕೊಡ ಹೊತ್ತ ಹೆಂಗಸರು, ನಡುವೆ ಹಾರೆ, ಗುದ್ದಲಿ. "ಏಳುಕೋಟಿ ಏಳುಕೋಟಿಗ್ಯೋ!" ಎಂದು ಹುಲ್ಲಪ್ಪನವರು ಕೂಗಿದರೆ "ಚಾಂಗಮಲೋ!" ಎಂದು ಊರು ಕೂಗುತ್ತಿತ್ತು. ಎಂಟು ಗಂಟೆಗೇ ನೆಲ ಕಾದಿತ್ತು. ಬರಿಗಾಲಿನ ಭಕ್ತಿ ಕ್ರಮೇಣ ಕುಣಿತದಂತೆ ಕಾಣತೊಡಗಿತು. ಗೀತಾಂಜಲಿ ಮೇಡಂ ಮಾತ್ರ ಬೂಟಿನಲ್ಲಿದ್ದರು. "ನಾ ಡ್ಯೂಟಿ ಮ್ಯಾಲ ಅದೀನ್ರಿ," ಎಂದು ಕೇಳದವರಿಗೂ ಹೇಳುತ್ತಿದ್ದರು. ಶುಭದಾಬಾಯಿಯವರು ಆರತಿಯ ತಾಟು ಹಿಡಿದು ಬರುತ್ತಿದ್ದರು; ಅವರ ಮುಖದಲ್ಲಿ ಆ ದಿನ ಒಂದು ಹೆಮ್ಮೆಯಿತ್ತು. ಮಾಸ್ತರು ತಿರುಗಿ ನೋಡಿದಾಗಲೆಲ್ಲ ಆ ಹೆಮ್ಮೆಯನ್ನೇ ನೋಡಿ ಮತ್ತೆ ಮುಂದಕ್ಕೆ ತಿರುಗುತ್ತಿದ್ದರು.

ಊರ ಅಗಸಿ ಬಾಗಿಲು ದಾಟಿದ ಮೇಲೆ ಬೋನಸಪ್ಪನ ನಡಿಗೆ ಚುರುಕಾಯಿತು. ಗಾಳಿಯಲ್ಲ, ಮಿರ್ಚಿ ಬೀಸುತ್ತಿತ್ತು. ನಾಯಿ ಓಡಿತು. ಡೊಳ್ಳಿನವರು ಓಡಿದರು. ಮಾಸ್ತರು ಬಟ್ಟಲು ಹಿಡಿದು, "ಹೇ! ಹೇ!" ಎಂದು ಹೆಸರು ಹಿಡಿಯದೆ ಕೂಗುತ್ತ ಓಡಿದರು.

ಬೋನಸಪ್ಪ ದೌಲತಬಿಯ ಬೆಂಚಿನ ಪಕ್ಕದಲ್ಲಿ, ಒಲೆಗೆ ಮುಖ ಮಾಡಿ, ನಾಲಗೆ ಚಾಚಿ ಕೂತಿತು.

ಮುನ್ನೂರು ಪಾವಟಿಗೆಗಳ ಕಡೆಗೆ ಒಮ್ಮೆ ನೋಡಿ, ತಮ್ಮ ಮೊಣಕಾಲಿನ ಮೇಲೆ ಕೈಯಿಟ್ಟ ಹುಲ್ಲಪ್ಪನವರ ಬಾಯಿಂದ ಹೊರಟ ಕೂಗು ಎಂದಿಗಿಂತ ದೊಡ್ಡದಾಗಿತ್ತು. "ಏಳುಕೋಟಿಗ್ಯೋ! ಸಿಕ್ತು! ಮ್ಯಾಲ ಹೋಗೂ ಕಾರಣ ಇಲ್ಲ! ಇಲ್ಲೇ ಐತಿ!"

"ಚಾಂಗಮಲೋ!"

"ಆದ್ರ ಮಾಸ್ತರು ತುದೀಗೆ ಅಂದಿದ್ರಲ್ಲ?" ಎಂದಳು ಇಂದ್ರಾಬಾಯಿ.

"ತುದ್ಯಾಗಿಂದು ಕೆಳಗ ಹರದು ಬರಬೇಕಲ್ಲವಾ? ನೀರು ಮ್ಯಾಲಕ್ಕ ಹರೀತೈತೇನು? ನಾಯಿಗೆ ಗೊತ್ತೈತಿ. ತಂಗಿ ದೌಲತಬಿ, ಒಲಿ ತಗೀಬೇಕಾಗ್ತೈತಿ. ಒಲಿ ಬುಡಕ್ಕ ಐತಿ ಸೆಲಿ."

ದೌಲತಬಿ ಝಾರಿ ಹಿಡಿದು ಒಲೆಯ ಮುಂದೆ ನಿಂತಳು. "ಯಾರರೆ ಒಲಿಗೆ ಕೈ ಹಚ್ರಿ ನೋಡೋಣು, ಮೆಣಸಿನಕಾಯಿ ಜೋಡಿ ಕರೀತೇನಿ! ಇಪ್ಪತ್ತ ವರ್ಷ ಆತು ಈ ಒಲಿ ಹಾಕಿ. ನಿನ್ನ ಮದವಿ ಮುಂಜಾನಿ ಚಹಾ ಇದರ ಮ್ಯಾಲ ಆಗೈತೋ ಹುಲ್ಲಪ್ಪಣ್ಣ!"

"ಹೊಸಾದು ಹಾಕಿಸಿ ಕೊಡ್ತೇವಿ ಅಲ್ಲಬೇ. ಊರ ನೀರಿನ ಪ್ರಶ್ನಿ ಐತಿ."

"ನನ್ನ ಅನ್ನದ ಪ್ರಶ್ನಿ ಐತಿ!"

ಹಾರೆಯವರಿಗೂ ಸಂಕೋಚ, ಅವರೆಲ್ಲ ಆ ಒಲೆಯ ಗಿರಾಕಿಗಳೇ. ಆದರೆ ಹಿಂದಿನಿಂದ ಕೊಡಗಳು ಒತ್ತುತ್ತಿದ್ದವು. "ತಗೀರಿ, ತಗೀರಿ, ಬಿಸಲ ಏರಾಕತ್ತೈತಿ," ಎಂದು ಕೂಗು ಬಂತು. ಒಬ್ಬ ಒಲೆಯ ಮೇಲಿನ ಕಡಾಯಿ ಇಳಿಸಿದ. ದೌಲತಬಿ ಮಾಸ್ತರರ ಕಡೆ ನೋಡಿದಳು. ಒಂದೇ ಒಂದು ಮಾತು ಆಡಿದ್ದರೆ ಅವಳ ಒಲೆ ಉಳಿಯುತ್ತಿತ್ತು. ಆಣೆ ಹಾಕಿದವಳು ಆಡಲಿಲ್ಲ.

ಪಂಢರೀನಾಥ ಮಾಸ್ತರು ಭಂಡಾರದ ಬಟ್ಟಲನ್ನು ಬೆಂಚಿನ ಮೇಲಿಟ್ಟರು. ಒಲೆಗೂ ಹಾರೆಗೂ ನಡುವೆ ಬಂದು ನಿಂತರು.

"ತಡೀರಿ. ನಾಯಿ ಇಲ್ಲಿ ಕೂತದ್ದು ದೇವರು ಹೇಳಿದ್ದಕ್ಕಲ್ಲ. ನಾ ದಿನಾ ಇಲ್ಲೇ ಕೂಡ್ತೇನಿ, ಅದಕ್ಕ."

"ಇಲ್ಲಿ ಕೂತು ದಣಿವಾರಿಸಿಕೊಂಡು ಹತ್ತತೀರಿ, ಹೌದಿಲ್ರಿ?" ಎಂದರು ಹುಲ್ಲಪ್ಪನವರು.

"ಹತ್ತೂದಿಲ್ಲ. ಕೂತು ಮಿರ್ಚಿ ತಿಂತೇನಿ. ತಿಂದು ಮನಿಗೆ ಬರ್ತೇನಿ. ನಲವತ್ತು ದಿನಾ ಆತು. ಹನ್ನೊಂದ ಪಾವಟಿಗಿ ಮ್ಯಾಲ ಏನದ ಅಂತ ನನಗ ಗೊತ್ತಿಲ್ಲ."

ಡೊಳ್ಳು ನಿಂತಿತು. ಹುಲ್ಲಪ್ಪನವರು ಜನರ ಕಡೆ ತಿರುಗಿದರು. ಅವರ ಕಣ್ಣಲ್ಲಿ ನೀರಿತ್ತು. "ನೋಡ್ರಿ. ದೊಡ್ಡವರಂದ್ರ ಹಿಂಗಿರ್ತಾರ. ಮಾಡಿದ ಸೇವಾನ ತಮ್ಮ ಬಾಯಿಲೆ ಹೇಳ್ಕೊಳ್ಳಾಂಗಿಲ್ಲ."

"ಚಾಂಗಮಲೋ!"

"ಅಲ್ರೀ, ಖರೇನ ಹೇಳ್ಲಿಕತ್ತೇನಿ! ಸಂದಿ ಇಲ್ಲ, ಸೆಲಿ ಇಲ್ಲ, ಉಸುಕಿಲ್ಲ! ನಾಯಿ ಹಿಟ್ಟಿಗೆ ಬಾಯಿ ಹಾಕ್ತು, ದೌಲತಬಿ ನೀರು ಸುರದ್ಲು!"

"ಎಷ್ಟ ನಮ್ರತಾ!" ಎಂದಿತು ಹಿಂದಿನಿಂದ ಒಂದು ದನಿ. ಒಬ್ಬ ಮುದುಕಿ ಬಂದು ಅವರ ಕಾಲು ಮುಟ್ಟಿದಳು.

ಇಡೀ ಊರಿನಲ್ಲಿ ಅವರ ಮಾತನ್ನು ನಂಬಿದವರು ಒಬ್ಬರೇ. ಅವರು ಆರತಿಯ ತಾಟು ಹಿಡಿದುಕೊಂಡೇ ಮುಂದೆ ಬಂದರು.

"ನವಿಲು?" ಎಂದರು ಶುಭದಾಬಾಯಿ.

"ಇಲ್ಲ."

"ಹೊಳಿ?"

"ಇಲ್ಲ."

"ಸ್ನಾಯು?"

ಮಾಸ್ತರು ನೆಲ ನೋಡಿದರು. ಹಿಂದಿನಿಂದ ರುಕ್ಮಿಣೀಬಾಯಿಯವರ ದನಿ ಕೇಳಿತು. "ಪಂಢರಿ, ತೆಂಗಿನಕಾಯಿ?"

"ಚಟ್ನಿ ಭಾಳ ಚೊಲೊ ಆಗಿತ್ರಿ ಅಮ್ಮಾರ," ಎಂದಳು ದೌಲತಬಿ. ಮುಚ್ಚಿಡುವ ಕೆಲಸ ಮುಗಿದಿತ್ತಲ್ಲ.

ಆದರೆ ಮಾಸ್ತರು ಒಲೆಯ ಮುಂದಿನಿಂದ ಸರಿಯಲಿಲ್ಲ. ಇಷ್ಟು ದೊಡ್ಡ ಭಕ್ತನನ್ನು ತಳ್ಳಿ ಅಗೆಯುವುದು ಹುಲ್ಲಪ್ಪನವರಿಗೂ ಸರಿ ಕಾಣಲಿಲ್ಲ. ಹಾಗೆಂದು ಅಗೆಯದೆ ಇದ್ದರೆ ಮುಂದಿನ ದಾರಿ ಪಾವಟಿಗೆಗಳ ಕಡೆಗಿತ್ತು. ಅವರು ನಾಯಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಹೇಳಿದರು: "ಒಲಿ ಬ್ಯಾಡ. ಮಾಸ್ತರ ಮಾತಿಗೆ ಬೆಲಿ ಕೊಡೂಣು. ಬೋನಸಪ್ಪನ ಬಾಲ ಎತ್ತಾಗ ಐತಿ ನೋಡ್ರಿ. ಬಾಲ ತೋರಿಸಿದಲ್ಲೆ ಹಾರಿ ಹಾಕ್ರಿ."

ಬಾಲ ಅಂಗಡಿಯ ಹಿಂದಿನ ಜಾಲಿ ಪೊದೆಯ ಕಡೆಗಿತ್ತು.

"ಅಲ್ಲಿ ಬ್ಯಾಡ್ರೀ!" ಎಂದು ಕೂಗಿದವನು ಅಮಾತೆಪ್ಪ. ಮೂರು ದಿನಗಳಲ್ಲಿ ಅವನು ಆಡಿದ ಮೊದಲ ಮಾತು.

"ಯಾಕೋ?"

"ಸುಮ್ನ. ಹಾವದಾವು."

ಹಾವಿದ್ದರೆ ನೀರೂ ಇರುತ್ತದೆ ಎಂದು ಯಾರೋ ಹೇಳಿದರು. ಇಬ್ಬರು ಅಮಾತೆಪ್ಪನನ್ನು ಹಿಡಿದುಕೊಂಡರು. ಒಂದು ಹೊಡೆತ. ಎರಡು. ಮೂರನೆಯದಕ್ಕೆ ಟಣ್ ಎಂದಿತು. ನಾಲ್ಕನೆಯದಕ್ಕೆ ನೀರು ಬೇವಿನ ಮರದ ಎತ್ತರಕ್ಕೆ ಹಾರಿತು.

ಆ ಮೇಲಿನ ಹತ್ತು ನಿಮಿಷದ ವರ್ಣನೆ ಕಷ್ಟ. ಡೊಳ್ಳು ತೊಯ್ದು ದನಿ ಕಳೆದುಕೊಂಡಿತು. ರುಕ್ಮಿಣೀಬಾಯಿಯವರು ಎಲ್ಲರ ನಡುವೆ ನಿಂತು ತೊಯ್ದು, ಇದು ಮಡಿಯೇ ಮೈಲಿಗೆಯೇ ಎಂದು ಯಾರನ್ನೂ ಕೇಳಲಿಲ್ಲ. ಗೀತಾಂಜಲಿ ಮೇಡಂ ಬೂಟು ಬಿಚ್ಚಿ ಫೋಟೋ ತೆಗೆದರು. ಬೋನಸಪ್ಪ ಮಾತ್ರ ಬಾಲ ಮುದುರಿಕೊಂಡು ಮನೆಯ ಕಡೆ ಓಡಿತು. ಆ ಜಾಗದ ನೀರಿನ ಅನುಭವ ಅದಕ್ಕೆ ಒಳ್ಳೆಯದಾಗಿರಲಿಲ್ಲ.

ಮೊದಲು ಕೊಡ ತುಂಬಿಸಿಕೊಂಡವಳು ಇಂದ್ರಾಬಾಯಿ. ತುಂಬಿದ ಮೇಲೆ ಬಗ್ಗಿ ನೋಡಿದವಳೂ ಅವಳೇ.

"ಏನ್ರಿ ಮೇಡಂ, ಸೆಲಿಗೆ ಪೈಪ್ ಹಾಕಿರ್ತಾರೇನ್ರಿ?"

ಎಲ್ಲರೂ ನೋಡಿದರು. ಹೊಳೆಯಿಂದ ಊರ ನೀರಿನ ಟಾಕಿಗೆ ಹೋಗುವ ದೊಡ್ಡ ಪೈಪು. ಅದರ ವಾಲ್ವಿಗೆ ಸೈಕಲ್ ಟ್ಯೂಬು, ತೆಂಗಿನ ನಾರು, ಒಂದು ಹಳೆಯ ಅಂಗಿ ಬಿಗಿದು ಕಟ್ಟಿತ್ತು. ಸುತ್ತ ಹಸಿರು ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು.

"ಅಮಾತೆಪ್ಪ, ಇದು ಏನು?"

"ಸಂಕ್ರಾಂತಿಯಿಂದ ಸೋರಾಕತ್ತೈತ್ರಿ," ಎಂದ ಅಮಾತೆಪ್ಪ. "ಆಫೀಸಿಗೆ ಹೇಳೀನಿ. ಪ್ರಸ್ತಾವನೆ ಕಳಿಸೇವಿ ಅಂದ್ರು. ಆ ಅಂಗಿ ನಂದ್ರಿ."

"ನಾನೂ ಹೇಳೀನಿ," ಎಂದಳು ದೌಲತಬಿ. "ಹನಿ ಹನಿ ಅಲ್ಲ, ದಿನಾ ಹಳ್ಳದ್ಹಂಗ ಕಲ್ಲಿನ ಸಂದ್ಯಾಗ ಇಳದು ಹೊಕ್ಕೈತಿ. ಅದ್ರಾಗ ನಾಕ ಬಕೀಟ ನಾ ಹಿಡೀತೇನಿ. ಇಲ್ಲಾಂದ್ರ ನಾಯಿ ಮ್ಯಾಲ ಸುರಿಯಾಕ ನನಗೇನ ಹೊಳಿ ಐತೇನು ಮನ್ಯಾಗ?"

"ಹಂಗಾದ್ರ ನಮಗ ಹನ್ನೆರಡ ದಿನಕ್ಕೊಮ್ಮೆ ಬರೂದು ಬರಗಾಲಕ್ಕಲ್ಲ," ಎಂದಳು ಇಂದ್ರಾಬಾಯಿ ನಿಧಾನವಾಗಿ.

ಗೀತಾಂಜಲಿ ಮೇಡಂ ಮೊಬೈಲು ತೆರೆದು ತುಂಬ ಹೊತ್ತು ಹುಡುಕಿದರು. "ಪ್ರಸ್ತಾವನೆ ಹೋಗೇತ್ರಿ," ಎಂದರು. "ತುರ್ತು ಅಲ್ಲ ಅಂತ ಬರದಾರ."

"ಪೈಪಿದ್ರೇನು, ಸೆಲಿ ಇದ್ರೇನು," ಎಂದರು ಹುಲ್ಲಪ್ಪನವರು. "ತೋರಿಸಿದ್ದು ನಾಯಿ ಹೌದಿಲ್ಲ?"

ಶುಭದಾಬಾಯಿಯವರು ಸೆರಗು ಹಿಂಡಿಕೊಂಡು ಬಂದು ಬೆಂಚಿನ ಮೇಲಿನ ಭಂಡಾರದ ಬಟ್ಟಲನ್ನು ಎತ್ತಿಕೊಂಡರು. ಒಲೆಯನ್ನು ನೋಡಿದರು, ಅದರ ಮುಂದೆ ಇನ್ನೂ ನಿಂತೇ ಇದ್ದ ಗಂಡನನ್ನು ನೋಡಿದರು.

"ಒಲಿ ಉಳಿಸಿದ್ದು ಚೊಲೊ ಮಾಡಿದ್ರಿ," ಎಂದರು ಶುಭದಾಬಾಯಿ. "ಮನಿಗೆ ನಡೀರಿ."

ಸೋರುವ ವಾಲ್ವಿಗೆ ಇಲ್ಲದ ತುರ್ತು ಒಡೆದ ಪೈಪಿಗೆ ಇತ್ತು. ಮರ ಮುಟ್ಟುವ ಕಾರಂಜಿಯ ಫೋಟೋ ಮೇಲಿನ ಆಫೀಸಿಗೆ ತಲುಪಿ, ಮಂಗಳವಾರ ಹೊಸ ಪೈಪು, ಹೊಸ ವಾಲ್ವು ಬಂದವು. ನಮೂನೆಯಲ್ಲಿ ಶೋಧ ಮಾಡಿದವರ ಹೆಸರು ಬೋನಸಪ್ಪ ಎಂದೇ ಉಳಿದಿದೆ; ಅದನ್ನು ತಿದ್ದಲು ಬರುವುದಿಲ್ಲವಂತೆ. ಊರಿಗೆ ಈಗ ನಾಲ್ಕು ದಿನಕ್ಕೊಮ್ಮೆ ನೀರು ಬರುತ್ತದೆ. ದೌಲತಬಿಯೂ ಓಣಿಯ ಪಾಳಿಯಲ್ಲಿ ಕೊಡ ಇಡುತ್ತಾಳೆ.

ಸೋಮವಾರದಿಂದ ಪಂಢರೀನಾಥ ಮಾಸ್ತರು ದಿನಾಲು ಗುಡ್ಡದ ತುದಿಯವರೆಗೆ ಹತ್ತುತ್ತಿದ್ದಾರೆ. ಶುಭದಾಬಾಯಿಯವರು ಎರಡು ಪಾವಟಿಗೆ ಹಿಂದೆ ಇರುತ್ತಾರೆ.